ಅವಳ ಪಾಸ್‌ವರ್ಡಿನಲ್ಲಿ ನಾನು ಬರೆದ ಕೋಳಿ ಕಥೆ

ಹಿರಿಯೂರಿನ ನಮ್ಮ ಹೈಸ್ಕೂಲಿನಲ್ಲಿ ಕಂಪ್ಯೂಟರ್ ರೂಮಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಆರು ಕಂಪ್ಯೂಟರು. ನಾಲ್ಕು ಕೆಟ್ಟು, ಕವರ್ ಹೊದ್ದು, ಆಯುಧಪೂಜೆಯ ಕುಂಕುಮವನ್ನು ವರ್ಷಪೂರ್ತಿ ಹಣೆಯಲ್ಲಿಟ್ಟುಕೊಂಡು ಕೂತಿದ್ದವು. ಉಳಿದ ಎರಡರಲ್ಲಿ ಒಂದಕ್ಕೆ ಮಾತ್ರ ಇಂಟರ್ನೆಟ್ಟು. ಅದೂ ಹೆಡ್‌ಮಾಸ್ಟರ ರೂಮಿನ ಟೆಲಿಫೋನ್ ವೈರಿನಿಂದ ಬರುತ್ತಿತ್ತು. ಅವರು ರಿಸೀವರ್ ಎತ್ತಿ ಮನೆಗೆ ಫೋನ್ ಹಚ್ಚಿ ‘ಇವತ್ತು ಸಾರೇನು’ ಅಂತ ಕೇಳಿದರೆ ಸಾಕು, ಇಡೀ ಪ್ರಪಂಚಕ್ಕೂ ನಮಗೂ ಇದ್ದ ಸಂಬಂಧ ಅಲ್ಲಿಗೆ ಕಡಿದು ಬೀಳುತ್ತಿತ್ತು. ಹೆಡ್‌ಮಾಸ್ಟರಿಗೆ ಸಾರಿನ ಮೇಲೆ ಬಹಳ ಪ್ರೀತಿ.

ಹೋದ ವರ್ಷ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಈ ವೈರನ್ನು ನಂಬಿಕೊಂಡು ನಾವೊಂದು ದೊಡ್ಡ ಕೆಲಸಕ್ಕೆ ಕೈಹಾಕಿದೆವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಾಲ್ಕು ಶಾಲೆಗಳು ಸೇರಿ ಜಿಲ್ಲೆಯ ಹಳ್ಳಿಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಪುಟಗಳನ್ನು ಬರೆಯಬೇಕು. ಒಂದು ಸಂಸ್ಥೆಯವರು ಅದಕ್ಕೆ ಜಾಗ ಮಾಡಿಕೊಟ್ಟಿದ್ದರು. ಅದರ ವಿಶೇಷ ಏನೆಂದರೆ, ಒಂದು ತಂಡ ಬರೆದದ್ದನ್ನು ಉಳಿದ ಮೂರು ತಂಡದವರು ತಿದ್ದಬಹುದು, ಸೇರಿಸಬಹುದು, ಅಳಿಸಬಹುದು. ಪ್ರತಿ ಪುಟದ ಹಿಂದೆ ಚರ್ಚೆಗೆ ಅಂತ ಇನ್ನೊಂದು ಪುಟ. ಯಾರಾದರೂ ಏನಾದರೂ ಬದಲಾಯಿಸಿದರೆ ಎಲ್ಲಾ ತಂಡಗಳಿಗೂ ಒಂದು ಮೇಲ್ ಹೋಗುತ್ತದೆ. ಆ ಮೇಲ್ ಈ ಕಥೆಯಲ್ಲಿ ನನ್ನ ಮಾನ ತೆಗೆಯಲಿದೆ.

ಸಂಸ್ಥೆಯ ಸರ್ ಒಬ್ಬರು ಬಂದು ಒಂದು ದಿನ ಪಾಠ ಮಾಡಿದರು. ಯಾರು ಹೇಳಿದರು ಅಂತ ಬರೆಯಿರಿ, ಕೇಳದೆ ಯಾರ ಮನೆ ವಿಷಯವನ್ನೂ ಹಾಕಬೇಡಿ, ಒಬ್ಬೊಬ್ಬರೂ ಬೇರೆ ಬೇರೆ ಲಾಗಿನ್ ಮಾಡಿಕೊಳ್ಳಿ ಅಂದರು. ನಾವು ಎಲ್ಲದಕ್ಕೂ ‘ಎಸ್ ಸರ್’ ಅಂದೆವು. ಆಮೇಲೆ ಸಮೋಸ ಕೊಟ್ಟರು. ಪಾಠ ಮರೆತುಹೋಗಿ ಸಮೋಸ ನೆನಪುಳಿಯಿತು.

ತಂಡದಲ್ಲಿ ಮುಖ್ಯವಾಗಿ ಇಬ್ಬರು. ಲೀಡರ್ ನಮ್ಮೂರಿನದೇ ಹುಡುಗಿ. ಆದಿವಾಲದ ಹತ್ತಿರದ ಹಳ್ಳಿ ನಮ್ಮದು. ಅವಳಿಗೆ ಕನ್ನಡ ಟೈಪಿಂಗ್ ಬರುತ್ತಿತ್ತು. ಬರುತ್ತಿತ್ತು ಅಂದರೆ, ನಾನು ‘ಶ್ರೀ’ ಅನ್ನುವ ಅಕ್ಷರ ಎಲ್ಲಿದೆ ಅಂತ ಕೀಬೋರ್ಡ್ ಮೇಲೆ ಹುಡುಕಿ ಮುಗಿಸುವಷ್ಟರಲ್ಲಿ ಅವಳು ಒಂದು ಲಗ್ನಪತ್ರಿಕೆ ಬಡಿದು ಮುಗಿಸುತ್ತಿದ್ದಳು. ನಾನು ವಿಷಯ ತರುವವನು. ಯಾರ ಮನೆಯಲ್ಲಿ ಏನು ನಡೆದರೂ ಅವರಿಗಿಂತ ಮುಂಚೆ ನನಗೆ ಗೊತ್ತಾಗುತ್ತಿತ್ತು, ಹಾಗಾಗಿ ಆ ಹುದ್ದೆಗೆ ಬೇರೆ ಯಾರೂ ಅರ್ಜಿ ಹಾಕಲಿಲ್ಲ.

ಲಾಗಿನ್ ಮಾಡಲು ಕೂತೆವು. ಮೊದಲು ಲೀಡರ್ ಹೆಸರಿನಲ್ಲಿ. ಅದು ಮುಗಿಯುವಷ್ಟರಲ್ಲಿ ಹೆಡ್‌ಮಾಸ್ಟರು ಮೂರು ಸಲ ಫೋನ್ ಎತ್ತಿದರು. ಕಂಪ್ಯೂಟರ್ ಮೇಡಂಗೆ ಸಾಕಾಯಿತು.

“ಬಿಡ್ರಪ್ಪ, ಇನ್ನೊಂದು ಮಾಡಕ್ಕೆ ಹೋದ್ರೆ ಪರೀಕ್ಷೆ ಬರ್ತೈತೆ. ಎಲ್ರೂ ಇದ್ರಾಗೇ ಬರೀರಿ. ಪಾಸ್‌ವರ್ಡ್ ಇವ್ನಿಗೂ ಹೇಳಮ್ಮ,” ಅಂದರು.

ಅವಳು ಹೇಳಿದಳು. ಅಲ್ಲಿಗೆ, ನಾನು ಏನು ಬರೆದರೂ ಕೆಳಗೆ ಅವಳ ಹೆಸರು ಬರುವ ಹಾಗಾಯಿತು. ಆಗ ಅದು ನನಗೆ ಅನ್ಯಾಯ ಅನಿಸಿತ್ತು. ಕಷ್ಟಪಟ್ಟು ವಿಷಯ ತರುವವನು ನಾನು, ಹೆಸರು ಅವಳಿಗೆ.

ನಮ್ಮ ಪುಟ ಮೊದಮೊದಲು ಸೊರಗಿತ್ತು. ದುರ್ಗದವರಿಗೆ ಕೋಟೆ ಇದೆ, ಒಂದು ಕಲ್ಲಿನ ಫೋಟೋ ಹಾಕಿದರೂ ಜನ ಬಂದು ನೋಡುತ್ತಾರೆ. ನಮ್ಮದು ಕೆರೆ, ರಾಗಿ, ಕಡಲೆಕಾಯಿ. ಪುಟದ ಅಡಿಯಲ್ಲಿ ಎಷ್ಟು ಜನ ನೋಡಿದರು ಅಂತ ತೋರಿಸುವ ಒಂದು ಪುಟ್ಟ ಮೀಟರು ಇತ್ತು. ಅದು ಏರಿದ್ದರಲ್ಲಿ ಹೆಚ್ಚಿನದು ನಾನೇ ಮತ್ತೆ ಮತ್ತೆ ತೆರೆದು ನೋಡಿದ್ದು.

ಆಗ ನನ್ನ ತಲೆಗೆ ಮನೆಗಳ ಅಡ್ಡಹೆಸರಿನ ವಿಷಯ ಹೊಳೆಯಿತು. ನಮ್ಮೂರಿನಲ್ಲಿ ಒಂದೇ ಹೆಸರಿನವರು ಬೀದಿಗೆ ಮೂರು ಮೂರು ಜನ ಇದ್ದಾರೆ. ಅದಕ್ಕೇ ಪ್ರತಿ ಮನೆಗೂ ಒಂದು ಅಡ್ಡಹೆಸರು. ಬೆಲ್ಲದ ಮನೆಯೋರು, ಮೇಲಟ್ಟದೋರು, ಕರಿ ಎಮ್ಮೆಯೋರು. ಪೋಸ್ಟ್‌ಮ್ಯಾನಿಗೆ ವಿಳಾಸ ಬೇಡ, ಈ ಹೆಸರು ಹೇಳಿದರೆ ಸಾಕು. ಆದರೆ ಒಂದು ಪದ್ಧತಿ ಇದೆ. ಈ ಹೆಸರನ್ನು ಕಟ್ಟೆಯ ಮೇಲೆ ಕೂತು ಎಷ್ಟು ಸಲ ಬೇಕಾದರೂ ಅನ್ನಬಹುದು, ಆ ಮನೆಯವರ ಎದುರಿಗೆ ಮಾತ್ರ ಯಾರೂ ಅನ್ನುವುದಿಲ್ಲ. ಎಂಥ ಜಗಳದಲ್ಲೂ ಅನ್ನುವುದಿಲ್ಲ. ಅಂದರೆ ಅಲ್ಲಿಗೆ ಎರಡು ಮನೆಗಳ ನಡುವೆ ಮಾತು ನಿಂತಿತು ಅಂತ ಅರ್ಥ.

ಲೀಡರಿನ ಮನೆಯ ಹೆಸರು ಕೋಳಿ ಕದ್ದೋರು. ಇದನ್ನು ಇಲ್ಲಿ ಬರೆಯಲು ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾನು ಹೇಳುತ್ತಾ ಹೋದೆ, ಅವಳು ಟೈಪ್ ಮಾಡುತ್ತಾ ಹೋದಳು. ಅವಳ ಬೀದಿ ಬಂದಾಗ ಕೈ ನಿಲ್ಲಿಸಿದಳು.

“ನಮ್ಮನೇದು ಬ್ಯಾಡ.”

“ಯಾಕೆ? ಊರಿಗೆಲ್ಲ ಗೊತ್ತೈತಲ್ಲ.”

“ಊರಿಗೆ ಗೊತ್ತಿರದು ಬ್ಯಾರೆ. ಬ್ಯಾಡ ಅಂದ್ನಲ್ಲ.”

“ಆತು ಬಿಡು,” ಅಂದೆ.

ಮಧ್ಯಾಹ್ನ ಅವಳು ಊಟದ ಡಬ್ಬಿ ತೊಳೆಯಲು ಹೋದಾಗ ಕಂಪ್ಯೂಟರು ತೆರೆದೇ ಇತ್ತು. ಬೆಲ್ಲದ ಮನೆ, ಕರಿ ಎಮ್ಮೆ ಎಲ್ಲಾ ಇವೆ, ನಗು ಬರುವಂಥದ್ದು ಒಂದೂ ಇಲ್ಲ. ನಾನು ಒಂದೊಂದೇ ಬೆರಳಿನಿಂದ ಕುಟ್ಟಿದೆ. ಕೋಳಿ ಕದ್ದೋರು ಅಂತ ಹೆಸರು ಯಾಕೆ ಬಂತು ಅಂತ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಹಾಗಾಗಿ ಹುಟ್ಟಿಸಿದೆ. ಅವಳ ಮುತ್ತಜ್ಜ ಕೋಳಿಯನ್ನು ಕದ್ದು ರುಮಾಲಿನೊಳಗೆ ಬಚ್ಚಿಟ್ಟುಕೊಂಡು ಪಂಚಾಯ್ತಿಗೆ ಬಂದನಂತೆ. ‘ನಾನು ಕದ್ದಿಲ್ಲ, ನನ್ನ ತಲೆಯಾಣೆ’ ಅಂತ ತಲೆ ಮುಟ್ಟಿಕೊಂಡನಂತೆ. ಕೋಳಿಗೆ ಗಾಬರಿಯಾಗಿ ಅಲ್ಲೇ ಮೊಟ್ಟೆ ಇಟ್ಟು, ಅದು ಒಡೆದು ಲೋಳೆ ಮುತ್ತಜ್ಜನ ಹಣೆ ಮೇಲೆ ಇಳಿದು ಬಂತಂತೆ. ಪಂಚರು ‘ಬೆವರ್‌ತಿದೀಯಲ್ಲೋ’ ಅಂದರಂತೆ. ಇದರಲ್ಲಿ ಒಂದು ಅಕ್ಷರವೂ ನಿಜವಲ್ಲ. ಬರೆಯುವಾಗ ನನಗೇ ನಗು ತಡೆಯದೆ ಕೆಮ್ಮು ಬಂದಿತ್ತು.

ಸೇವ್ ಒತ್ತಿದೆ. ಕೆಳಗೆ ಬಂತು: ಬರೆದವರು, ಅವಳ ಹೆಸರು.

ಮೂರೇ ದಿನಕ್ಕೆ ಮೀಟರು ಓಡತೊಡಗಿತು. ಹೊಸದುರ್ಗದ ತಂಡದವರು ರುಮಾಲಿನಿಂದ ಕೋಳಿ ಇಣುಕುವ ಚಿತ್ರ ಬರೆದು ಸೇರಿಸಿದರು. ಹೊಳಲ್ಕೆರೆಯವರು ಚರ್ಚೆಯ ಪುಟದಲ್ಲಿ ಬರೀ ‘ಹಹಹಹ’ ಅಂತ ಒಂದು ಸಾಲು ತುಂಬಿಸಿದರು. ದುರ್ಗದವರು ಪ್ರಿಂಟ್ ತೆಗೆದು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದರು. ನಾನು ಕ್ಲಾಸಿನಲ್ಲಿ ಎದೆ ಉಬ್ಬಿಸಿಕೊಂಡು ಎಷ್ಟು ತಿರುಗಿದೆ ಅಂದರೆ ಅಂಗಿಯ ಗುಂಡಿ ಒಂದು ಕಿತ್ತುಹೋಯಿತು. ಅವಳಿಗೆ ಗೊತ್ತಾಗಿ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂತ ಎರಡು ತಮಾಷೆಯ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ.

“ನಮ್ಮಪ್ಪ ದಿನಾ ದುರ್ಗಕ್ಕೆ ಹೋಗ್ತಾರೆ ಕಣೋ,” ಅಂದಳು. ಅಷ್ಟೇ.

ಅವಳಪ್ಪ ಖಾಸಗಿ ಬಸ್ಸಿನ ಕಂಡಕ್ಟರು. ಹಿರಿಯೂರಿನಿಂದ ಹೊರಟು ಐಮಂಗಲದ ಮೇಲೆ ದುರ್ಗಕ್ಕೆ ಹೋಗುವ ಬಸ್ಸು. ದುರ್ಗದ ಆ ಶಾಲೆಗೆ ಹೋಗುವ ಹುಡುಗರು ಐಮಂಗಲದಲ್ಲಿ ಹತ್ತುತ್ತಾರೆ. ಕಂಡಕ್ಟರು ಯಾವೂರಿನವರು, ಯಾರ ಅಪ್ಪ ಅಂತ ಅವರಿಗೆಲ್ಲ ಗೊತ್ತು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಏನಾಯಿತು ಅಂತ ನನಗೆ ಅವಳ ಚಿಕ್ಕಪ್ಪನ ಮಗನಿಂದ ತಿಳಿಯಿತು. ಐಮಂಗಲದ ಹುಡುಗರು ಬಸ್ ಹತ್ತಿದವರೇ, “ಮಾವ, ತಲೆ ಮ್ಯಾಲೆ ಟವಲ್ ಯಾಕೆ ಹಾಕಿದೀರಿ, ಒಳಗೇನೈತೆ?” ಅಂದಿದ್ದಾರೆ. ಸಂಜೆ ವಾಪಸ್ ಬರುವ ಟ್ರಿಪ್ಪಿನಲ್ಲಿ ಒಬ್ಬ ಹೆಂಗಸು ಬುಟ್ಟಿಯಲ್ಲಿ ಕೋಳಿ ತಂದಾಗ, “ಅಮ್ಮ, ಕಂಡಕ್ಟರ್ ಕಡೆ ಹುಷಾರು,” ಅಂದಿದ್ದಾರೆ. ಅವರು ಮೊದಲು ಅರ್ಥವಾಗದೆ ನಕ್ಕಿದ್ದರಂತೆ. ಆಮೇಲೆ ಒಬ್ಬ ಹುಡುಗ ಪ್ರಿಂಟ್ ತೆಗೆದು ತೋರಿಸಿದ. ಕೆಳಗೆ ಮಗಳ ಹೆಸರಿತ್ತು.

ಮನೆಗೆ ಬಂದು ಕೇಳಿದ್ದಾರೆ. ಅವಳು ‘ನಾನಲ್ಲ’ ಅಂದಿದ್ದಾಳೆ. ‘ಮತ್ತೆ ಯಾರು’ ಅಂದರೆ ಬಾಯಿ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ಹೆಸರು ಹೇಳಿದರೆ ಮುಂದಿನ ಪ್ರಶ್ನೆ, ಆ ಹುಡುಗನ ಹತ್ತಿರ ನಿನ್ನ ಪಾಸ್‌ವರ್ಡ್ ಯಾಕಿತ್ತು ಅನ್ನುವುದು. ನಮ್ಮೂರಿನಲ್ಲಿ ಕೋಳಿಗಿಂತ ಅದು ದೊಡ್ಡ ವಿಷಯ. ಕೊನೆಗೆ ಅವರಪ್ಪ, ಕಂಪ್ಯೂಟರೂ ಬೇಡ, ಹತ್ತನೇ ಕ್ಲಾಸು ಮುಗಿದ ಮೇಲೆ ದುರ್ಗದ ಕಾಲೇಜೂ ಬೇಡ ಅಂದುಬಿಟ್ಟರಂತೆ.

ಇದನ್ನು ಕೇಳಿದಾಗ ನನಗೆ ಮೊದಲು ಅನಿಸಿದ್ದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಸದ್ಯ, ಕೆಳಗೆ ನನ್ನ ಹೆಸರಿಲ್ಲ ಅನಿಸಿತು.

ಎರಡನೆಯದಾಗಿ ಅನಿಸಿದ್ದು, ಅಳಿಸಿಬಿಟ್ಟರೆ ಮುಗಿಯಿತು ಅಂತ. ಮೇಡಂ ಇಲ್ಲದ ಪೀರಿಯಡ್ ನೋಡಿ ಒಳಗೆ ಹೋದೆ. ಅವಳ ಪಾಸ್‌ವರ್ಡ್ ಹಾಕಿದೆ. ಮೌಸ್ ಎಳೆದು ಇಡೀ ಕೋಳಿ ಕಥೆಯನ್ನು ನೀಲಿ ಮಾಡಿ ಡಿಲೀಟ್ ಒತ್ತಿ ಸೇವ್ ಮಾಡಿದೆ. ಪುಟ ಸ್ವಚ್ಛವಾಯಿತು. ಉಸಿರು ಬಿಟ್ಟೆ.

ಬದಲಾವಣೆಯಾದರೆ ಎಲ್ಲರಿಗೂ ಮೇಲ್ ಹೋಗುತ್ತದೆ ಅಂತ ಹೇಳಿದ್ದೆನಲ್ಲ. ಯಾವ ಬದಲಾವಣೆ ಅಂತಲೂ ಅದು ಹೇಳುತ್ತದೆ. ಅಂದರೆ, ಅಳಿಸಿದ ಸಾಲುಗಳನ್ನು ಕೆಂಪು ಬಣ್ಣದಲ್ಲಿ ಪೂರ್ತಿಯಾಗಿ ಬರೆದು, ‘ಇವನ್ನು ತೆಗೆಯಲಾಗಿದೆ’ ಅಂತ ಹೇಳುತ್ತದೆ. ರುಮಾಲು, ಮೊಟ್ಟೆ, ಲೋಳೆ ಎಲ್ಲವೂ ಕೆಂಪಾಗಿ ನಾಲ್ಕೂ ಊರಿನ ತಂಡದವರ ಪೆಟ್ಟಿಗೆಗೆ ಬಿತ್ತು. ಕಥೆ ಸೇರಿಸಿದಾಗ ಬಂದ ಮೇಲನ್ನು ತೆರೆಯದೆ ಬಿಟ್ಟಿದ್ದ ಮೇಷ್ಟ್ರುಗಳೂ ಈ ಕೆಂಪನ್ನು ನೋಡಿ ಓದಿದರು. ಊರೆಲ್ಲ ಡಂಗುರ ಹೊಡೆಸಿ ‘ಇದನ್ನು ಯಾರೂ ಕೇಳಬೇಡಿ’ ಅಂದ ಹಾಗಾಯಿತು. ಕಳಿಸಿದವರು ಅಂತ ಮತ್ತೆ ಅವಳ ಹೆಸರೇ.

ಅದಾದ ಮೇಲೆ ಹೊಳಲ್ಕೆರೆಯವರ ಸಹಾಯ ಶುರುವಾಯಿತು. ಅವರು ಒಳ್ಳೆಯ ಹುಡುಗರು. ‘ಅಕ್ಕ, ಕರೆಂಟು ಹೋಗಿ ಅಳಿಸಿಹೋಗಿರಬೇಕು, ಹಳೆಯದನ್ನು ವಾಪಸ್ ಹಾಕಿದ್ದೇವೆ’ ಅಂತ ಬರೆದು ಕಥೆಯನ್ನು ಮತ್ತೆ ಕೂರಿಸಿದರು. ನಾನು ಮತ್ತೆ ಅಳಿಸಿದೆ. ಅವರು ಮತ್ತೆ ಕೂರಿಸಿದರು. ಒಂದೊಂದು ಸಲಕ್ಕೂ ಒಂದೊಂದು ಮೇಲ್. ಒಟ್ಟಿಗೆ ಕೆಲಸ ಮಾಡುವುದು ಅಂದರೆ ಏನು ಅಂತ ಸಂಸ್ಥೆಯ ಸರ್ ಬೋರ್ಡಿನ ಮೇಲೆ ಬರೆದಿದ್ದರು. ನಾವು ಅದನ್ನು ಮಾಡಿ ತೋರಿಸುತ್ತಿದ್ದೆವು.

ಮೂರನೇ ಸಲ ಅಳಿಸಿ ಎದ್ದು ತಿರುಗಿದರೆ ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವರ ಪೆಟ್ಟಿಗೆಗೂ ಮೇಲ್ ಹೋಗಿತ್ತು.

“ಅವ್ಳು ಈ ವಾರ ಶಾಲೆಗೆ ಬಂದಿಲ್ಲ,” ಅಂದರು. “ಅವ್ಳ ಮನೇಲಿ ಕಂಪ್ಯೂಟರ್ ಇಲ್ಲ. ಹಂಗಾದ್ರೆ ಅವ್ಳ ಹೆಸರಲ್ಲಿ ಅಳಿಸ್ತಿರೋದು ಯಾರಪ್ಪ?”

ನಾನು ಕವರ್ ಹೊದ್ದ ಕಂಪ್ಯೂಟರಿನ ಕುಂಕುಮ ನೋಡುತ್ತಾ ನಿಂತೆ.

“ಬರ್ದಿದ್ದೂ ನೀನೇ?”

ತಲೆಯಾಡಿಸಿದೆ. ಮೇಡಂ ಸ್ಟೂಲಿನ ಮೇಲೆ ಕೂತರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಪಾಸ್‌ವರ್ಡ್ ನಿಂಗೆ ಹೇಳು ಅಂದೋಳು ನಾನು. ಅದು ನನ್ ತಪ್ಪು. ಅವ್ರಪ್ಪಂಗೆ ಅದನ್ನ ನಾನೇ ಹೇಳ್ತೀನಿ, ಆ ವಿಷ್ಯದಾಗೆ ಮಗಳ ಮ್ಯಾಲೆ ಯಾರೂ ಮಾತಾಡಂಗಿಲ್ಲ. ಬರ್ದಿದ್ದು ನಿಂದು. ಅದನ್ನ ನೀನು ಹೇಳ್ತೀಯೋ, ಅದನ್ನೂ ನಾನೇ ಹೇಳ್ಬೇಕೋ?”

ಅವರೇ ಹೇಳಿದರೆ ನಾನು ಒಂದೆರಡು ದಿನ ಜ್ವರ ಅಂತ ಮಲಗಬಹುದಿತ್ತು. ಆ ಯೋಚನೆ ಬಂದದ್ದು ನಿಜ. ಆದರೆ ನನ್ನ ಹೆಸರನ್ನು ಇನ್ನೊಬ್ಬರು ಹೋಗಿ ಹೇಳುವವರೆಗೆ ಅವಳು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ ಅನ್ನುವುದು ತಲೆಯಿಂದ ಹೋಗಲಿಲ್ಲ. “ನಾನೇ ಹೋಗ್ತೀನಿ ಮೇಡಂ,” ಅಂದೆ.

ಮೇಡಂ ಅಂದು ಸಂಜೆಯೇ ಅವರ ಮನೆಗೆ ಹೋಗಿ ತಮ್ಮ ಪಾಲಿನದನ್ನು ಹೇಳಿ ಬಂದರು. ನಾನು ಮರುದಿನ ಬೆಳಗ್ಗೆ ಹಿರಿಯೂರು ಬಸ್‌ಸ್ಟ್ಯಾಂಡಿಗೆ ಹೋದೆ. ಕಂಡಕ್ಟರ್ ಮಾವ ಬಸ್ಸಿನ ಬಾಗಿಲಲ್ಲಿ ನಿಂತು ‘ದುರ್ಗ, ದುರ್ಗ’ ಅಂತ ಕೂಗುತ್ತಿದ್ದರು. ಹೆಗಲ ಮೇಲೆ ಟವಲ್ ಇರಲಿಲ್ಲ, ತಲೆಯ ಮೇಲೂ ಇರಲಿಲ್ಲ. ಬಿಸಿಲು ಆಗಲೇ ಸುಡುತ್ತಿತ್ತು. ನಾನು ಹತ್ತಿರ ಹೋಗಿ, ಉರು ಹೊಡೆದುಕೊಂಡು ಬಂದಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಕಥೆ ನಾನು ಹುಟ್ಟಿಸಿದ್ದು, ಅವಳು ಬೇಡ ಅಂದಿದ್ದಳು, ಅವಳಿಲ್ಲದಾಗ ಬರೆದೆ, ತಪ್ಪಾಯಿತು ಮಾವ.

ಅವರು ನನ್ನನ್ನು ನೋಡಲಿಲ್ಲ. ಕೂಗುವುದನ್ನು ಮಾತ್ರ ನಿಲ್ಲಿಸಿದರು.

“ನಂಗೆ ಹೇಳಿದ್ರೆ ಏನು ಬಂತಪ್ಪ? ನಗೋರು ಅಲ್ಲಿ ಹತ್ತಾರೆ, ಐಮಂಗಲದಾಗೆ. ಅವ್ರಿಗೆ ಹೇಳು. ಹತ್ತು.”

ಹತ್ತಿದೆ. ಇಂಜಿನ್ ಪಕ್ಕದ ಉದ್ದ ಸೀಟಿನಲ್ಲಿ ಕೂತೆ. ಐಮಂಗಲ ಬರುವವರೆಗೆ ದಾರಿಯ ಒಂದೊಂದು ಕಲ್ಲೂ ನನ್ನನ್ನೇ ನೋಡುತ್ತಿತ್ತು. ಅಲ್ಲಿ ಏಳೆಂಟು ಹುಡುಗರು ಹತ್ತಿದರು. ಒಬ್ಬ ಮೆಟ್ಟಿಲ ಮೇಲೆ ಕಾಲಿಡುವಾಗಲೇ ಕೊಕ್ಕೊಕ್ಕೋ ಅಂದ. ಮಾವ ಕೇಳದವರಂತೆ ಸೀಟಿ ಊದಿದರು.

ನಾನು ಎದ್ದು ನಿಂತೆ. ಕಂಬಿ ಹಿಡಿದುಕೊಂಡೆ. “ಕೋಳಿ ಕಥೆ ಓದಿದೀರಲ್ಲ, ಅದನ್ನ ಬರ್ದಿರೋ ಮಹಾನ್ ವ್ಯಕ್ತಿ ಯಾರು ಗೊತ್ತಾ? ಮೊಟ್ಟೆ ಇಟ್ಟಿದ್ದು ಕೋಳಿ ಅಲ್ಲ, ನಾನು,” ಅಂದೆ. ಹುಡುಗರು ಹೋ ಅಂತ ನಕ್ಕರು. ನನಗೆ ಒಂದು ಕ್ಷಣ ಹಿತವಾಯಿತು. ಇನ್ನೊಂದು ಹೇಳೋಣ ಅಂತ ಬಾಯಿ ತೆರೆದೆ. ಆಗ ಮಾವ ಕಾಣಿಸಿದರು. ಹಿಂದಿನ ಸೀಟಿನ ಹತ್ತಿರ ಬಗ್ಗಿ ಟಿಕೆಟ್ ಹರಿಯುತ್ತಿದ್ದರು. ಆ ನಗು ಬಂದಾಗ ಅವರ ಕುತ್ತಿಗೆ ಸ್ವಲ್ಪ ಒಳಗೆ ಹೋಯಿತು. ಬೆನ್ನ ಮೇಲೆ ಯಾರಾದರೂ ಹೊಡೆಯಬಹುದು ಅಂತ ಗೊತ್ತಿದ್ದವರಿಗೆ ಆಗುತ್ತದಲ್ಲ, ಹಾಗೆ.

ಮತ್ತೆ ಮೊದಲಿಂದ ಹೇಳಿದೆ. ಈ ಸಲ ತಮಾಷೆ ಇಲ್ಲದೆ. “ಅದನ್ನ ನಾನು ಬರ್ದೆ. ಪೂರ್ತಿ ಸುಳ್ಳು. ಹುಡುಗಿ ಬರೆದಿಲ್ಲ, ಬ್ಯಾಡ ಅಂದಿದ್ಲು. ಅವ್ಳ ಹೆಸರಲ್ಲಿ ನಾನು ಬರ್ದೆ. ನೀವು ಇವ್ರಿಗೆ ಅನ್ನೋದೆಲ್ಲ ನಂಗೆ ಅನ್ರಿ.”

ಯಾರೂ ನಗಲಿಲ್ಲ. ಹುಡುಗರು ಕಿಟಕಿಯ ಕಡೆ ತಿರುಗಿದರು. ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಇದ್ದಳು. ಈ ವಿಷಯ ಒಂದೂ ಗೊತ್ತಿಲ್ಲದವಳು. ಕಿವಿಗೆ ಕೈ ಹಿಡಿದು ನನ್ನ ಮಾತು ಕೇಳಿಸಿಕೊಂಡಿದ್ದಳು.

“ಅಲ್ಲಪ್ಪ, ಹಂಗಾರೆ ಆ ಕೋಳಿ ಕದ್ದೋರು ಯಾರು?” ಅಂದಳು, ಇಡೀ ಬಸ್ಸಿಗೆ ಕೇಳುವ ಹಾಗೆ.

ಬಸ್ಸಿನಲ್ಲಿ ಅಲ್ಲಿಯವರೆಗೆ ಏನೂ ಗೊತ್ತಿಲ್ಲದಿದ್ದವರೆಲ್ಲ ಈಗ ತಲೆ ಎತ್ತಿದರು. ಅಳಿಸಲು ಹೋಗಿ ನಾನು ಮತ್ತೊಂದು ಸಲ ಎಲ್ಲರಿಗೂ ಹಂಚಿದ್ದೆ. ಇಂಜಿನ್ ಒಳಗೆ ತೂರಿಕೊಳ್ಳಲು ಜಾಗ ಇದ್ದಿದ್ದರೆ ತೂರಿಕೊಳ್ಳುತ್ತಿದ್ದೆ.

ಮಾವ ಸೀಟು ಹಿಡಿಯುತ್ತಾ ಮುಂದೆ ಬಂದರು.

“ನಮ್ಮನೆಯೋರೇ ಕಣವ್ವ. ಊರಾಗೆ ನಮ್ಗೆ ಹಂಗಂತಾರೆ. ನಿಂದು ಎಲ್ಲಿಗೆ?”

“ದುರ್ಗ.”

“ದುರ್ಗ ಒಂದು,” ಅಂದು ಟಿಕೆಟ್ ಹರಿದು ಕೊಟ್ಟರು. ಅಜ್ಜಿ ಅದನ್ನು ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು. ಅವಳಿಗೆ ಅದು ಅಲ್ಲಿಗೆ ಮುಗಿಯಿತು.

ದುರ್ಗದಲ್ಲಿ ಎಲ್ಲರೂ ಇಳಿದ ಮೇಲೆ ನಾನೊಬ್ಬನೇ ಕೂತಿದ್ದೆ, ಅದೇ ಬಸ್ಸಿನಲ್ಲಿ ವಾಪಸ್ ಬರಬೇಕಲ್ಲ. ಮಾವ ಬಂದು ಎದುರು ಸೀಟಿನಲ್ಲಿ ಕೂತರು. ಕೈಯಲ್ಲಿ ಎರಡು ಲೋಟ ಚಾ. ಒಂದನ್ನು ನನ್ನ ಕಡೆ ನೂಕಿದರು.

“ನನ್ ಮಗಳ ಮ್ಯಾಲೆ ಯಾವತ್ತೂ ಕೈ ಎತ್ತಿರ್ಲಿಲ್ಲ,” ಅಂದರು. “ಆವತ್ತು ಎತ್ತಿದೆ. ನಾನಲ್ಲ ಅಂತಾನೇ ಇದ್ಲು.”

ಚಾ ಲೋಟ ಎಲ್ಲಿ ಇಡುವುದು ಅಂತ ಗೊತ್ತಾಗದೆ ಹಿಡಿದುಕೊಂಡೇ ಕೂತಿದ್ದೆ.

ಸೋಮವಾರ ಅವಳು ಶಾಲೆಗೆ ಬಂದಳು. ಕಂಪ್ಯೂಟರ್ ರೂಮಿಗೆ ಬರಲು ಇನ್ನೂ ಒಂದು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಮೇಡಂ ಎದುರು ಕೂತು ನನ್ನದೇ ಹೆಸರಿನಲ್ಲಿ ಲಾಗಿನ್ ಮಾಡಿಕೊಂಡೆ. ಕಥೆ ಸುಳ್ಳು, ಬರೆದವನು ನಾನು ಅಂತ ಆ ಹೆಸರಿನಿಂದ ಮೂರೂ ತಂಡಕ್ಕೆ ಪತ್ರ ಬರೆದೆ. ಹೊಳಲ್ಕೆರೆಯವರು ವಾಪಸ್ ಹಾಕುವುದನ್ನು ನಿಲ್ಲಿಸಿದರು. ಹೊಸದುರ್ಗದವರು ಚಿತ್ರ ತೆಗೆದರು. ದುರ್ಗದವರು ಪ್ರಿಂಟನ್ನು ಕಿತ್ತು, ಅದೇ ಜಾಗದಲ್ಲಿ ನನ್ನ ಪತ್ರ ಅಂಟಿಸಿದರು. ಅದನ್ನು ಓದಿ ಎಷ್ಟು ಜನ ನಕ್ಕರೋ, ಅಲ್ಲಿ ಮೀಟರಿಲ್ಲ. ಪುಟದ ಹಳೆಯ ರೂಪಗಳಲ್ಲಿ ಉಳಿದಿದ್ದನ್ನು ಸಂಸ್ಥೆಯ ಸರ್ ಒಳಗಿನಿಂದ ತೆಗೆದುಹಾಕಿದರು. ಕೆಂಪು ಮೇಲ್‌ಗಳು ಮಾತ್ರ ಅವರವರ ಪೆಟ್ಟಿಗೆಯಲ್ಲೇ ಇವೆ. ಅವನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲವಂತೆ.

ಅಡ್ಡಹೆಸರಿನ ಪುಟವನ್ನೇ ತೆಗೆಯೋಣ ಅಂದೆ. ಅವಳು ಒಪ್ಪಲಿಲ್ಲ. ಮನೆಮನೆಗೆ ಹೋಗಿ ಕೇಳಿ, ಹಾಕಿ ಅಂದವರದ್ದು ಮಾತ್ರ ಇರಲಿ ಅಂತ ತೀರ್ಮಾನ ಕೊಟ್ಟಳು. ಕೊಟ್ಟಿದ್ದು ಬಾಯಿಂದಲ್ಲ. ಅಷ್ಟರಲ್ಲಿ ಎರಡನೇ ಕಂಪ್ಯೂಟರಿಗೂ ಇಂಟರ್ನೆಟ್ ಬಂದಿತ್ತು. ಅವಳು ಅದರಲ್ಲಿ ಕೂರುತ್ತಾಳೆ, ನಾನು ಇದರಲ್ಲಿ. ನಡುವೆ ಒಂದು ಕುರ್ಚಿ. ಅವಳು ಹೇಳುವುದನ್ನೆಲ್ಲ ಚರ್ಚೆಯ ಪುಟದಲ್ಲಿ ಬರೆಯುತ್ತಾಳೆ. ಅದು ಟೆಲಿಫೋನ್ ವೈರಿನಲ್ಲಿ ಎಲ್ಲೆಲ್ಲೋ ಸುತ್ತಿ ಬಂದು ನನ್ನ ಪರದೆಯ ಮೇಲೆ ಕಾಣಿಸುತ್ತದೆ. ಪಕ್ಕದಲ್ಲಿ ಕೂತವಳ ಜೊತೆ ಒಂದು ವರ್ಷದಿಂದ ನಾನು ಹೀಗೆ ಕೆಲಸ ಮಾಡುತ್ತಿದ್ದೇನೆ.

ಕೇಳುತ್ತಾ ಹೋದ ಹಾಗೆ ಪುಟ ಸಣ್ಣದಾಯಿತು. ಬೆಲ್ಲದ ಮನೆಯವರು ಹಾಕು ಅಂದರು. ಕರಿ ಎಮ್ಮೆಯವರು ನಾಯಿ ಬಿಟ್ಟರು. ಹೀಗೆ ಸಣ್ಣದಾದ ಪುಟ ನೋಡಿ ನನಗೆ ಬೇಜಾರಾಗಿ, ಹೋದ ತಿಂಗಳು ನಮ್ಮ ಮನೆಯ ಅಡ್ಡಹೆಸರನ್ನೇ ಹಾಕೋಣ ಅಂತ ಕೂತೆ. ನಮಗೂ ಒಂದಿದೆ. ಅವಳದಕ್ಕಿಂತ ಕೆಟ್ಟದ್ದು. ಇದನ್ನು ಹಾಕಿದರೆ ನಾನು ನಿಜವಾಗಿ ಬದಲಾಗಿದ್ದೇನೆ ಅಂತ ನಾಲ್ಕೂ ಊರಿಗೆ ಗೊತ್ತಾಗುತ್ತದೆ ಅನ್ನುವ ಆಸೆಯೂ ಇತ್ತು. ವೈರು ಕಡಿದರೆ ಕಳೆದುಹೋಗಬಾರದು ಅಂತ ನಮ್ಮ ತಾತನ ಕಥೆಯನ್ನು ಮೊದಲು ಬೇರೆ ಫೈಲಿನಲ್ಲಿ ಬರೆದೆ. ಚೆನ್ನಾಗಿ ಬಂತು. ಪುಟಕ್ಕೆ ಸೇರಿಸುವ ಮೊದಲು, ನಮ್ಮ ಮನೆಯದೂ ಹಾಕುತ್ತಿದ್ದೇನೆ ಅಂತ ಚರ್ಚೆಯ ಪುಟದಲ್ಲಿ ದೊಡ್ಡದಾಗಿ ಬರೆದೆ.

ಪಕ್ಕದಲ್ಲಿ ಟಪಟಪ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಂತು:

‘ನಿಮ್ಮಜ್ಜಿಯನ್ನು ಕೇಳಿದ್ಯಾ?’

ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ತಾತ ನನ್ನವನು, ಹೆಸರು ನನ್ನದು ಅಂದುಕೊಂಡಿದ್ದೆ. ಅವಳ ಕಡೆ ನೋಡಿದೆ. ಅವಳು ತನ್ನ ಪರದೆಯನ್ನೇ ನೋಡುತ್ತಿದ್ದಳು.

ಸಂಜೆ ಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. ನನ್ನ ಮುಖ ನೋಡಿದಳು, ನಾನು ಆ ಹೆಸರನ್ನು ಅವಳೆದುರು ಉಚ್ಚರಿಸಿದ್ದೇ ತಪ್ಪು ಅನ್ನುವ ಹಾಗೆ.

“ಬ್ಯಾಡ,” ಅಂದಳು. ಮತ್ತೆ ಕಾಯಿ ಸುಲಿಯತೊಡಗಿದಳು.

ಮರುದಿನ ಆ ಫೈಲನ್ನು ಪುಟಕ್ಕೆ ಸೇರಿಸದೆ ಅಳಿಸಿದೆ. ಯಾರಿಗೂ ಮೇಲ್ ಹೋಗಲಿಲ್ಲ.